ತುಟಿಗೆ ಬೇಡ, ಹೊಟ್ಟೆಗೆ ಇರಲಿ: ರೆಡ್ 3 ಎಂಬ ಬಣ್ಣದ ಪ್ರಕರಣ

1990ರ ಜನವರಿ 29ರಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಒಂದು ಕೆಂಪು ಬಣ್ಣದ ಬಗ್ಗೆ ತೀರ್ಮಾನ ಕೊಟ್ಟಿತು. ಇನ್ನು ಮುಂದೆ ಇದನ್ನು ಲಿಪ್‌ಸ್ಟಿಕ್‌ಗೆ ಹಾಕುವಂತಿಲ್ಲ. ಕೆನ್ನೆಗೆ ಹಚ್ಚುವ ಬ್ಲಶ್‌ಗೆ ಹಾಕುವಂತಿಲ್ಲ. ಮೈಗೆ ಹಚ್ಚುವ ಮುಲಾಮಿಗೂ ಹಾಕುವಂತಿಲ್ಲ. ಕಾರಣ ಏನೆಂದರೆ, ಈ ಬಣ್ಣ ತಿಂದ ಗಂಡು ಇಲಿಗಳ ಥೈರಾಯ್ಡ್ ಗ್ರಂಥಿಯಲ್ಲಿ ಗಡ್ಡೆ ಬೆಳೆದಿತ್ತು.

'ತಿಂದ' ಎನ್ನುವ ಮಾತನ್ನು ಗಮನಿಸಿ. ಗಡ್ಡೆ ಬಂದದ್ದು ಬಣ್ಣ ಬಳಿಸಿಕೊಂಡ ಇಲಿಗಳಿಗಲ್ಲ, ತಿಂದ ಇಲಿಗಳಿಗೆ. ಹಾಗಿದ್ದೂ ಅದೇ ಬಣ್ಣ ಮಿಠಾಯಿಯಲ್ಲಿ, ಡಬ್ಬಿಯ ಚೆರ್ರಿ ಹಣ್ಣಿನಲ್ಲಿ, ನುಂಗುವ ಔಷಧದಲ್ಲಿ ಉಳಿದುಕೊಂಡಿತು. ಒಂದೆರಡು ವರ್ಷ ಅಲ್ಲ. 2025ರ ಜನವರಿ 15ರಂದು ಆಹಾರದಿಂದಲೂ ತೆಗೆಯಬೇಕು ಎಂದು ಅದೇ ಎಫ್‌ಡಿಎ ಹೇಳುವವರೆಗೆ, ಹೆಚ್ಚುಕಡಿಮೆ 35 ವರ್ಷ.

ಈ ಪ್ರಕರಣವನ್ನು ಪೂರ್ತಿ ಬಿಡಿಸಿ ಬರೆಯಲು ನನಗೊಂದು ಕಾರಣ ಇದೆ. ಹಚ್ಚಿಕೊಳ್ಳುವ ಸಾಮಾನಿನಲ್ಲಿರುವ ರಾಸಾಯನಿಕ ಜಾಸ್ತಿ ಅಪಾಯವೋ, ತಿನ್ನುವ ಸಾಮಾನಿನದ್ದು ಜಾಸ್ತಿ ಅಪಾಯವೋ ಎಂಬ ಚರ್ಚೆ ಸದಾ ನಡೆಯುತ್ತಿರುತ್ತದೆ. ಎರಡೂ ಕಡೆ ಒಂದೇ ವಸ್ತು ಇದ್ದು, ಎರಡು ಕಡೆಗೂ ಬೇರೆ ಬೇರೆ ತೀರ್ಪು ಬಂದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಒಂದು ಪುಡಿ, ಮೂರು ಹೆಸರು

ಬಣ್ಣದ ಮೂಲ ಹೆಸರು ಎರಿಥ್ರೊಸಿನ್. ಅಮೆರಿಕದಲ್ಲಿ 'ಎಫ್‌ಡಿ ಅಂಡ್ ಸಿ ರೆಡ್ ನಂಬರ್ 3'. ಯುರೋಪಿನ ಆಹಾರದ ಲೇಬಲ್ ಮೇಲೆ 'ಇ127'. ಸೌಂದರ್ಯವರ್ಧಕದ ಡಬ್ಬಿಯ ಮೇಲೆ 'ಸಿಐ 45430'. ಒಬ್ಬರೇ ಮನುಷ್ಯ ಮಧ್ಯಾಹ್ನ ಇ127 ತಿಂದು ಸಂಜೆ ಸಿಐ 45430 ಹಚ್ಚಿಕೊಂಡರೆ ಎರಡೂ ಒಂದೇ ಎಂದು ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಅಮೆರಿಕದ ಹೆಸರನ್ನು ಸ್ವಲ್ಪ ಬಿಡಿಸಿ ನೋಡೋಣ. ಎಫ್ ಅಂದರೆ ಫುಡ್, ಡಿ ಅಂದರೆ ಡ್ರಗ್, ಸಿ ಅಂದರೆ ಕಾಸ್ಮೆಟಿಕ್. ಆಹಾರ, ಔಷಧ, ಸೌಂದರ್ಯವರ್ಧಕ ಮೂರಕ್ಕೂ ಆಗುವ ಬಣ್ಣ ಎಂದು ಹೆಸರೇ ಹೇಳುತ್ತದೆ. 1990ರ ಮೇಲೆ ಆ 'ಸಿ' ಅಕ್ಷರಕ್ಕೆ ಅರ್ಥ ಉಳಿಯಲಿಲ್ಲ. ಹೆಸರು ಮಾತ್ರ ಹಾಗೇ ಉಳಿಯಿತು.

ಈ ಬಣ್ಣದ ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣುಗಳಿವೆ. ತೂಕದಲ್ಲಿ ಶೇ 58ರಷ್ಟು ಅಯೋಡಿನ್ನೇ. ಕತೆ ಮುಂದೆ ಥೈರಾಯ್ಡ್ ಕಡೆಗೆ ಏಕೆ ತಿರುಗುತ್ತದೆ ಎಂಬುದರ ಸುಳಿವು ಇಲ್ಲೇ ಇದೆ.

ಇದನ್ನು ಬಿಟ್ಟುಕೊಡಲು ತಯಾರಕರು ಏಕೆ ಒಪ್ಪುತ್ತಿರಲಿಲ್ಲ ಎಂಬುದು ಗೊತ್ತಾಗಬೇಕಾದರೆ ಹಣ್ಣಿನ ಡಬ್ಬಿಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಕ್ಕರೆ ಪಾಕದಲ್ಲಿ ಪೀಚ್, ಪೇರ್, ಅನಾನಸ್, ದ್ರಾಕ್ಷಿಯ ತುಂಡುಗಳು. ನಡುವೆ ಒಂದೊಂದು ಕೆಂಪು ಚೆರ್ರಿ. ಈ ಚೆರ್ರಿಯ ಸ್ವಂತ ಬಣ್ಣ ತಯಾರಿಕೆಯಲ್ಲೇ ಹೋಗಿರುತ್ತದೆ. ಮತ್ತೆ ಬಣ್ಣ ಕಟ್ಟಬೇಕು. ನೀರಿನಲ್ಲಿ ಕರಗುವ ಮಾಮೂಲಿ ಕೆಂಪು ಬಣ್ಣ ಕಟ್ಟಿದರೆ ಅದು ಮೆಲ್ಲಗೆ ಪಾಕಕ್ಕೆ ಇಳಿಯುತ್ತದೆ. ಕೆಲವು ದಿನ ಕಳೆದು ಡಬ್ಬಿ ತೆಗೆದರೆ ಪೇರ್, ಪೀಚ್ ಎಲ್ಲವೂ ಗುಲಾಬಿಯಾಗಿರುತ್ತವೆ. ಎರಿಥ್ರೊಸಿನ್ ಹಾಗೆ ಮಾಡುವುದಿಲ್ಲ. ಹಣ್ಣಿನ ಹುಳಿಯಲ್ಲಿ ಅದು ಕರಗದ ರೂಪಕ್ಕೆ ತಿರುಗಿ ಚೆರ್ರಿಯ ಒಳಗೇ ಗಟ್ಟಿಯಾಗಿ ಕೂರುತ್ತದೆ. ಪಕ್ಕದ ತುಂಡಿಗೆ ಅಂಟುವುದಿಲ್ಲ. ಇಷ್ಟು ಸಣ್ಣ ಗುಣ. ಆದರೆ ಈ ಬಣ್ಣ ಅಷ್ಟು ಕಾಲ ಉಳಿದದ್ದರಲ್ಲಿ ಈ ಗುಣದ ಪಾಲು ದೊಡ್ಡದು.

ಹಿಂದಿನ ಕತೆ, ಚುಟುಕಾಗಿ

1906ರಲ್ಲಿ ಅಮೆರಿಕ ಮೊದಲ ಬಾರಿ ಶುದ್ಧ ಆಹಾರದ ಕಾಯ್ದೆ ತಂದಿತು. ಆಗ ಕಲ್ಲಿದ್ದಲಿನ ಟಾರಿನಿಂದ ತೆಗೆದ ಸುಮಾರು 80 ಬಣ್ಣಗಳು ಆಹಾರದಲ್ಲಿ ಬಳಕೆಯಾಗುತ್ತಿದ್ದವು. ಬರ್ನ್‌ಹಾರ್ಡ್ ಹೆಸ್ಸೆ ಎಂಬ ರಸಾಯನತಜ್ಞ ಅವುಗಳನ್ನು ಜಾಲಿಸಿ ನೋಡಿದ. 1907ರಲ್ಲಿ ಏಳನ್ನು ಮಾತ್ರ ಒಪ್ಪಲಾಯಿತು. ಆ ಏಳರಲ್ಲಿ ಎರಿಥ್ರೊಸಿನ್ ಒಂದು.

ಸೌಂದರ್ಯವರ್ಧಕಗಳಿಗೆ ಆಗ ಕಾಯ್ದೆಯೇ ಇರಲಿಲ್ಲ. 1933ರಲ್ಲಿ 'ಲ್ಯಾಶ್ ಲೂರ್' ಎಂಬ ರೆಪ್ಪೆ ಬಣ್ಣ ಹಚ್ಚಿಸಿಕೊಂಡ ಹೆಂಗಸರ ಕಣ್ಣು ಹೋಯಿತು. ಅದರಲ್ಲಿದ್ದದ್ದು ಪಿಪಿಡಿ ಜಾತಿಯ ಬಣ್ಣ, ಅಂದರೆ ಕೂದಲಿಗೆ ಬಣ್ಣ ಕಟ್ಟಲು ಬಳಸುವ ರಾಸಾಯನಿಕ. ಮಾರಿದವರನ್ನು ತಡೆಯಲು ಸರ್ಕಾರದ ಕೈಯಲ್ಲಿ ಅಧಿಕಾರ ಇರಲಿಲ್ಲ. 1938ರಲ್ಲಿ ಹೊಸ ಕಾಯ್ದೆ ಬಂದು ಆಹಾರ, ಔಷಧ, ಸೌಂದರ್ಯವರ್ಧಕ ಮೂರನ್ನೂ ಒಂದೇ ಸೂರಿನಡಿ ತಂದಿತು. ಆಗಲೂ ತಲೆಕೂದಲಿಗೆ ಹಚ್ಚುವ ಟಾರ್ ಬಣ್ಣಗಳಿಗೆ ವಿನಾಯಿತಿ ಸಿಕ್ಕಿತು. ಎಚ್ಚರಿಕೆಯ ಲೇಬಲ್ ಅಂಟಿಸಿದರೆ ಸಾಕು. ರೆಪ್ಪೆಗೆ, ಹುಬ್ಬಿಗೆ ಹಚ್ಚಿದರೆ ಕುರುಡು ಬರಬಹುದು ಎಂದು ಆ ಲೇಬಲ್ ಇವತ್ತಿಗೂ ಹೇಳುತ್ತದೆ. ಈ ವಿನಾಯಿತಿಯ ಬಗ್ಗೆ ನನಗೆ ಬಹಳ ಬೇಸರವಿದೆ, ಆದರೆ ಅದು ಬೇರೆಯೇ ಒಂದು ಪ್ರಕರಣ.

ನಮಗೆ ಬೇಕಾದ ತಿರುವು ಇರುವುದು 1960ರಲ್ಲಿ. ಆ ವರ್ಷ ಬಣ್ಣಗಳ ಕಾಯ್ದೆ ತಿದ್ದುಪಡಿಯಾಯಿತು. ಆಹಾರ, ಔಷಧ, ಸೌಂದರ್ಯವರ್ಧಕ ಯಾವುದಕ್ಕೇ ಆಗಲಿ, ಬಣ್ಣ ಹಾಕಬೇಕಾದರೆ ಮೊದಲೇ ಒಪ್ಪಿಗೆ ಬೇಕು ಎಂದಾಯಿತು. ಜೊತೆಗೆ ಡೆಲಾನಿ ಷರತ್ತು ಸೇರಿತು. ಜೇಮ್ಸ್ ಡೆಲಾನಿ ಎಂಬ ಸಂಸದನ ಹೆಸರಿನ ಈ ಷರತ್ತು ಹೇಳುವುದು ಇಷ್ಟೇ: ಮನುಷ್ಯನಲ್ಲಾಗಲಿ ಪ್ರಾಣಿಯಲ್ಲಾಗಲಿ ಕ್ಯಾನ್ಸರ್ ತರುತ್ತದೆ ಎಂದು ಕಂಡುಬಂದ ಬಣ್ಣಕ್ಕೆ ಒಪ್ಪಿಗೆ ಇಲ್ಲ. ಎಷ್ಟು ಪ್ರಮಾಣದಲ್ಲಿ, ಯಾವ ಪ್ರಾಣಿಯಲ್ಲಿ ಎಂಬ ಪ್ರಶ್ನೆಗೆ ಅದರಲ್ಲಿ ಜಾಗ ಇಲ್ಲ.

ಆದರೆ ಆಗಲೇ ಬಳಕೆಯಲ್ಲಿದ್ದ ಬಣ್ಣಗಳನ್ನು ಏನು ಮಾಡುವುದು? ಅವನ್ನು ತಾತ್ಕಾಲಿಕ ಪಟ್ಟಿಗೆ ಹಾಕಿದರು. ಪರೀಕ್ಷೆ ಮುಗಿದಂತೆಲ್ಲ ಒಂದೊಂದನ್ನೇ ಕಾಯಂ ಪಟ್ಟಿಗೆ ಏರಿಸುವುದು ಎಂದು ಗೊತ್ತು ಮಾಡಿದರು.

1969ರಲ್ಲಿ ರೆಡ್ 3 ಕಾಯಂ ಪಟ್ಟಿಗೆ ಏರಿತು. ಆದರೆ ಅರ್ಧ ಮಾತ್ರ. ಆಹಾರಕ್ಕೆ ಮತ್ತು ನುಂಗುವ ಔಷಧಕ್ಕೆ ಕಾಯಂ. ಸೌಂದರ್ಯವರ್ಧಕಕ್ಕೆ ಮತ್ತು ಹೊರಗೆ ಹಚ್ಚುವ ಔಷಧಕ್ಕೆ ಇನ್ನೂ ತಾತ್ಕಾಲಿಕ.

ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ತಾತ್ಕಾಲಿಕ ಪಟ್ಟಿಯಲ್ಲಿರುವ ಬಣ್ಣವನ್ನು ತೆಗೆಯುವುದು ಸುಲಭ, ಅದರ ಅವಧಿಯನ್ನು ಮುಗಿಸಿದರಾಯಿತು. ಕಾಯಂ ಪಟ್ಟಿಯಲ್ಲಿರುವುದನ್ನು ತೆಗೆಯಬೇಕಾದರೆ ಪ್ರಸ್ತಾವ ಹೊರಡಿಸಬೇಕು, ಆಕ್ಷೇಪ ಕೇಳಬೇಕು, ಬೇಕಾದರೆ ವಿಚಾರಣೆ ನಡೆಸಬೇಕು. 1969ರಲ್ಲಿ ಯಾವ ಖಾನೆಗೆ ಯಾವ ಬಳಕೆ ಬಿತ್ತು ಎಂಬುದು 1990ರ ತೀರ್ಪನ್ನು ಅರ್ಧಕ್ಕೆ ಸೀಳಿತು. ದೇಹಕ್ಕೆ ಈ ಖಾನೆಗಳ ಗೊಡವೆಯೇ ಇಲ್ಲ ಅಲ್ವಾ?

ಇಲಿಗಳು ತಿಂದದ್ದೆಷ್ಟು

ಪರೀಕ್ಷೆಯ ವರದಿ ಪ್ರಕಟವಾದದ್ದು 1987ರಲ್ಲಿ. ಇಲಿಗಳಿಗೆ ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದಲೇ ಬಣ್ಣ ಸಿಗುವಂತೆ ಮಾಡಿದ್ದರು. ಅತಿ ಹೆಚ್ಚಿನ ಗುಂಪಿನ ಆಹಾರದಲ್ಲಿ ಶೇ 4ರಷ್ಟು ಬಣ್ಣವೇ ಇತ್ತು. ಗಂಡು ಇಲಿಗಳ ಲೆಕ್ಕದಲ್ಲಿ ಅದು ದಿನಕ್ಕೆ, ದೇಹದ ತೂಕದ ಪ್ರತಿ ಕಿಲೋಗೆ 2,464 ಮಿಲಿಗ್ರಾಂ. ಆ ಗುಂಪಿನ ಗಂಡು ಇಲಿಗಳಲ್ಲಿ ಥೈರಾಯ್ಡ್ ಗಡ್ಡೆಗಳು ಜಾಸ್ತಿ ಕಂಡವು.

ಈ ಸಂಖ್ಯೆಯನ್ನು ಸುಮ್ನೆ ಓದಿದರೆ ಏನೂ ಹೊಳೆಯುವುದಿಲ್ಲ. ಮನುಷ್ಯನ ಅಳತೆಗೆ ತರೋಣ. 60 ಕಿಲೋ ತೂಕದವರು ಅದೇ ಪ್ರಮಾಣ ಮುಟ್ಟಬೇಕಾದರೆ ದಿನಕ್ಕೆ ಸುಮಾರು 148 ಗ್ರಾಂ ಶುದ್ಧ ಬಣ್ಣದ ಪುಡಿ ತಿನ್ನಬೇಕು. ಒಂದು ಕಿಲೋ ಚೆರ್ರಿಯಲ್ಲಿ 200 ಮಿಲಿಗ್ರಾಂ ಬಣ್ಣ ಇದೆ ಎಂದುಕೊಂಡರೆ ಅದು 740 ಕಿಲೋ ಚೆರ್ರಿಗೆ ಸಮ. ಒಂದೇ ದಿನಕ್ಕೆ. ಹಾಗೆ ಜೀವನಪೂರ್ತಿ.

ಗಡ್ಡೆ ಹೇಗೆ ಬರುತ್ತದೆ ಎಂಬುದೂ ಬಹುಮಟ್ಟಿಗೆ ತಿಳಿದಿದೆ. ಥೈರಾಯ್ಡ್ ಗ್ರಂಥಿ ಟಿ4 ಎಂಬ ಹಾರ್ಮೋನ್ ಬಿಡುತ್ತದೆ. ದೇಹ ಅದರಿಂದ ಒಂದು ಅಯೋಡಿನ್ ತೆಗೆದು ಟಿ3 ಮಾಡಿಕೊಳ್ಳುತ್ತದೆ. ಭಾರೀ ಪ್ರಮಾಣದಲ್ಲಿ ಎರಿಥ್ರೊಸಿನ್ ಇದ್ದರೆ ಈ ಕೆಲಸಕ್ಕೆ ಅಡ್ಡಿಯಾಗುತ್ತದೆ. ಟಿ3 ಸಾಲದು ಎಂದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಇನ್ನೂ ಕೆಲಸ ಮಾಡು, ಇನ್ನೂ ಕೆಲಸ ಮಾಡು ಎಂದು ಥೈರಾಯ್ಡನ್ನು ದಿನವೂ ದಬಾಯಿಸಿದ ಹಾಗೆ. ಗ್ರಂಥಿ ಊದುತ್ತದೆ, ಕೊನೆಗೆ ಗಡ್ಡೆ. ಈ ಒತ್ತಡಕ್ಕೆ ಇಲಿಗಳು ಮನುಷ್ಯರಿಗಿಂತ ಬೇಗ ಬಾಗುತ್ತವೆ. ಥೈರಾಯ್ಡ್ ಹಾರ್ಮೋನನ್ನು ರಕ್ತದಲ್ಲಿ ಬಿಗಿಯಾಗಿ ಹಿಡಿದಿಡುವ ಪ್ರೊಟೀನ್ ನಮ್ಮಲ್ಲಿ ಚೆನ್ನಾಗಿದೆ, ವಯಸ್ಕ ಇಲಿಗಳಲ್ಲಿ ಬಹಳ ಕಡಿಮೆ. ಹಾಗಾಗಿ ಅವುಗಳ ಹಾರ್ಮೋನ್ ಬೇಗ ಖರ್ಚಾಗುತ್ತದೆ, ಗ್ರಂಥಿ ಸದಾ ದುಡಿಯುತ್ತಲೇ ಇರುತ್ತದೆ.

ಮನುಷ್ಯರ ಮೇಲೂ ಒಂದು ಸಣ್ಣ ಪರೀಕ್ಷೆ ನಡೆದಿತ್ತು. ಗಂಡಸರಿಗೆ 14 ದಿನ, ದಿನಕ್ಕೆ 20, 60 ಅಥವಾ 200 ಮಿಲಿಗ್ರಾಂ ಬಣ್ಣ ಕೊಟ್ಟರು. 200ರ ಗುಂಪಿನಲ್ಲಿ ಟಿಎಸ್‌ಎಚ್ ಸ್ವಲ್ಪ ಏರಿತು. 60ರಲ್ಲಿ ಅಂಥದ್ದೇನೂ ಕಾಣಲಿಲ್ಲ. ವಿಶ್ವಸಂಸ್ಥೆಯ ಆಹಾರ ಸೇರ್ಪಡೆಗಳ ತಜ್ಞರ ಸಮಿತಿ, ಅಂದರೆ ಜೆಕ್ಫಾ, ಈ 60 ಮಿಲಿಗ್ರಾಮನ್ನೇ ಹಿಡಿದುಕೊಂಡಿತು. 60 ಕಿಲೋ ಮನುಷ್ಯನಿಗೆ ಅದು ಕಿಲೋಗೆ 1 ಮಿಲಿಗ್ರಾಂ. ಅದನ್ನು ಹತ್ತರಿಂದ ಭಾಗಿಸಿ 0.1 ಮಿಲಿಗ್ರಾಂ ಎಂಬ ದಿನದ ಮಿತಿಯನ್ನು 1990ರಲ್ಲಿ ಇಟ್ಟಿತು. 2011ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ ಅದನ್ನೇ ಉಳಿಸಿಕೊಂಡಿತು. ಇಲಿಗಳಲ್ಲಿ ಗಡ್ಡೆ ತಂದ ಪ್ರಮಾಣಕ್ಕೂ ಈ ಮಿತಿಗೂ ನಡುವಿನ ಅಂತರ 24,000 ಪಟ್ಟಿಗಿಂತ ಜಾಸ್ತಿ.

ಇಷ್ಟು ಹೇಳಿದ್ದು ಬಣ್ಣದ ಪರ ವಕಾಲತ್ತು ವಹಿಸಲು ಅಲ್ಲ. ಅಪಾಯ ಎಂಬ ಪದದೊಳಗೆ ಎರಡು ಬೇರೆ ಸಂಗತಿ ಸೇರಿಕೊಂಡಿವೆ. ಒಂದು, ಈ ವಸ್ತುವಿಗೆ ಕೆಡುಕು ಮಾಡುವ ಶಕ್ತಿ ಇದೆಯೇ ಎಂಬುದು. ಇನ್ನೊಂದು, ನಮ್ಮ ಮೈಗೆ ಸೇರುವಷ್ಟರಲ್ಲಿ ಅದು ಕೆಡುಕು ಮಾಡುತ್ತದೆಯೇ ಎಂಬುದು. ಡೆಲಾನಿ ಷರತ್ತು ಮೊದಲನೆಯದನ್ನು ಮಾತ್ರ ಕೇಳುತ್ತದೆ. ಜೆಕ್ಫಾ ಎರಡನೆಯದನ್ನು ಕೇಳುತ್ತದೆ. ಹಾಗಾಗಿ ಒಂದೇ ವರ್ಷ, 1990ರಲ್ಲಿ, ಒಂದು ಕಡೆ ನಿಷೇಧ, ಇನ್ನೊಂದು ಕಡೆ ದಿನದ ಮಿತಿ ಬಂತು. ಎರಡೂ ತಮ್ಮ ತಮ್ಮ ಪ್ರಶ್ನೆಗೆ ಸರಿಯಾದ ಉತ್ತರಗಳೇ.

ಕೋರ್ಟ್ ಹಾಕಿದ ಗೆರೆ

1980ರ ದಶಕದಲ್ಲಿ ಎಫ್‌ಡಿಎ ಡೆಲಾನಿ ಷರತ್ತಿನ ಬಿಗಿಯಿಂದ ಬಿಡಿಸಿಕೊಳ್ಳಲು ನೋಡಿತ್ತು. ಆರೆಂಜ್ 17, ರೆಡ್ 19 ಎಂಬ ಎರಡು ಸೌಂದರ್ಯವರ್ಧಕ ಬಣ್ಣಗಳ ವಿಷಯದಲ್ಲಿ ಅದು ಲೆಕ್ಕ ಹಾಕಿತು. ಆರೆಂಜ್ 17ರಿಂದ ಕ್ಯಾನ್ಸರ್ ಬರುವ ಸಾಧ್ಯತೆ 1,900 ಕೋಟಿಗೆ ಒಂದು. ರೆಡ್ 19ರಿಂದ 90 ಲಕ್ಷಕ್ಕೆ ಒಂದು. ಇಷ್ಟು ಸಣ್ಣ ಅಪಾಯವನ್ನು ಕಾಯ್ದೆ ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದು ವಾದಿಸಿತು. 1987ರಲ್ಲಿ ಮೇಲ್ಮನವಿ ಕೋರ್ಟ್ ಒಪ್ಪಲಿಲ್ಲ. ಷರತ್ತಿನ ಮಾತು ಸ್ಪಷ್ಟವಾಗಿದೆ, ಸಣ್ಣದು ದೊಡ್ಡದು ಎಂಬ ವಿನಾಯಿತಿ ಅದರಲ್ಲಿಲ್ಲ ಎಂದಿತು.

ಹಾಗಾಗಿ ರೆಡ್ 3ರ ಸರದಿ ಬಂದಾಗ ಎಫ್‌ಡಿಎ ಕೈಯಲ್ಲಿ ಬೇರೆ ದಾರಿ ಇರಲಿಲ್ಲ. ತಾತ್ಕಾಲಿಕ ಪಟ್ಟಿಯಲ್ಲಿದ್ದ ಬಳಕೆಗಳನ್ನು ಮುಗಿಸಿತು. ಕಾಯಂ ಪಟ್ಟಿಯಲ್ಲಿದ್ದ ಆಹಾರದ ಬಳಕೆಯನ್ನೂ ತೆಗೆಯುವ ಇರಾದೆ ಇದೆ ಎಂದು ಆಗಲೇ ಹೇಳಿತ್ತು. ಆ ಮಾತು ನೆನೆಗುದಿಗೆ ಬಿತ್ತು.

ಇಲ್ಲೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ನೀರಿನಲ್ಲಿ ಕರಗುವ ಬಣ್ಣವನ್ನು ಅಲ್ಯುಮಿನಾದಂಥ ಪುಡಿಗೆ ಅಂಟಿಸಿದರೆ ಕರಗದ ಬಣ್ಣವಾಗುತ್ತದೆ. ಇದನ್ನು 'ಲೇಕ್' ಎನ್ನುತ್ತಾರೆ. ಎಣ್ಣೆ, ಮೇಣ, ಮಾತ್ರೆಯ ಮೇಲಿನ ಲೇಪಕ್ಕೆಲ್ಲ ಲೇಕ್ ಬೇಕು. ರೆಡ್ 3ರ ಲೇಕ್ ಕೂಡ ತಾತ್ಕಾಲಿಕ ಪಟ್ಟಿಯಲ್ಲೇ ಇತ್ತು. ಹಾಗಾಗಿ 1990ರಲ್ಲಿ ಅದು ಆಹಾರದಿಂದಲೂ ಹೊರಬಿತ್ತು. ಒಂದೇ ಬಣ್ಣ, ಒಂದೇ ಹೊಟ್ಟೆ. ಅಲ್ಯುಮಿನಾಕ್ಕೆ ಅಂಟಿದ್ದರೆ ನಿಷಿದ್ಧ, ನೀರಿನಲ್ಲಿ ಕರಗಿದ್ದರೆ ಸಮ್ಮತ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನುತ್ತೇವಲ್ಲ, ಇಲ್ಲಿ ಕಣ್ಣೂ ಒಂದೇ.

ಚರ್ಮದ ದಾರಿ, ಬಾಯಿಯ ದಾರಿ

ಹಾಗಾದರೆ ಕಾಯ್ದೆಯ ಖಾನೆಗಳನ್ನು ಪಕ್ಕಕ್ಕಿಟ್ಟು ಕೇಳೋಣ. ಈ ಬಣ್ಣ ಎಲ್ಲಿದ್ದರೆ ನಮ್ಮ ಮೈಯೊಳಗೆ ಜಾಸ್ತಿ ಸೇರುತ್ತದೆ?

ಚರ್ಮದಿಂದ ಶುರು ಮಾಡೋಣ. ಅಣುವಿನ ತೂಕ 500 ದಾಟಿದರೆ ಆರೋಗ್ಯವಂತ ಚರ್ಮದ ಮೂಲಕ ಒಳಗಿಳಿಯುವುದು ಕಷ್ಟ ಎಂಬುದು ಈ ಕ್ಷೇತ್ರದ ಒಂದು ಅಂದಾಜು ನಿಯಮ. ಎರಿಥ್ರೊಸಿನ್ ಅಣುವಿನ ತೂಕ ಸುಮಾರು 880. ಜೊತೆಗೆ ಅದು ನೀರಿನ ಗುಣದ ಉಪ್ಪು, ಚರ್ಮದ ಎಣ್ಣೆಯ ಪದರಕ್ಕೆ ಅದರ ಸಹವಾಸ ಆಗುವುದಿಲ್ಲ. ಬ್ಲಶ್‌ನಲ್ಲಿರುವ ಬಣ್ಣ ಬಹುಪಾಲು ಮೇಲೇ ಕೂತು, ಮುಖ ತೊಳೆದಾಗ ಹೋಗುತ್ತದೆ.

ತುಟಿಯ ಮಾತು ಬೇರೆ. ತುಟಿಗೆ ಹಚ್ಚಿದ್ದು ಅಲ್ಲೇ ಉಳಿಯುವುದಿಲ್ಲ. ಬೆಳಿಗ್ಗೆ ಹಚ್ಚಿದ ಲಿಪ್‌ಸ್ಟಿಕ್ ಮಧ್ಯಾಹ್ನದ ಹೊತ್ತಿಗೆ ಎಲ್ಲಿ ಹೋಗಿರುತ್ತದೆ? ಸ್ವಲ್ಪ ಲೋಟದ ಅಂಚಿಗೆ, ಸ್ವಲ್ಪ ಕರವಸ್ತ್ರಕ್ಕೆ. ಉಳಿದದ್ದು ಮಾತಾಡುತ್ತ, ತುಟಿ ಸವರಿಕೊಳ್ಳುತ್ತ, ತಿನ್ನುತ್ತ ಹೊಟ್ಟೆಗೇ ಹೋಗಿರುತ್ತದೆ. ಅಂದರೆ ಲಿಪ್‌ಸ್ಟಿಕ್ ಕಾಯ್ದೆಯ ಕಣ್ಣಿಗೆ ಸೌಂದರ್ಯವರ್ಧಕ, ದೇಹದ ಲೆಕ್ಕದಲ್ಲಿ ಆಹಾರ.

ಯುರೋಪಿನ ಗ್ರಾಹಕ ಸುರಕ್ಷತೆಯ ವೈಜ್ಞಾನಿಕ ಸಮಿತಿ ಲೆಕ್ಕಕ್ಕೆ ಹಿಡಿಯುವ ಲಿಪ್‌ಸ್ಟಿಕ್ ಬಳಕೆ ದಿನಕ್ಕೆ 57 ಮಿಲಿಗ್ರಾಂ. ಅದರಲ್ಲಿ ಶೇ 5ರಷ್ಟು ಎರಿಥ್ರೊಸಿನ್ ಇದೆ, ಅಷ್ಟೂ ಹೊಟ್ಟೆಗೆ ಹೋಗುತ್ತದೆ ಎಂದು ಲೆಕ್ಕಕ್ಕೆ ಹಿಡಿಯೋಣ. ಮೂರು ಮಿಲಿಗ್ರಾಂ ಕೂಡ ಆಗುವುದಿಲ್ಲ. 60 ಕಿಲೋ ತೂಕದವರಿಗೆ ದಿನದ ಮಿತಿ 6 ಮಿಲಿಗ್ರಾಂ. ಅಂದರೆ ಇದು ಅರ್ಧದೊಳಗೆ.

ಈಗ 15 ಕಿಲೋ ತೂಕದ ಮಗುವನ್ನು ಎದುರಿಗೆ ಕೂರಿಸಿಕೊಳ್ಳಿ. ಮಗುವಿನ ಮಿತಿ ದಿನಕ್ಕೆ 1.5 ಮಿಲಿಗ್ರಾಂ. ಒಂದು ಚೆರ್ರಿ 5 ಗ್ರಾಂ, ಕಿಲೋಗೆ 200 ಮಿಲಿಗ್ರಾಂ ಬಣ್ಣ ಎಂದರೆ ಒಂದು ಹಣ್ಣಿಗೆ 1 ಮಿಲಿಗ್ರಾಂ. ಎರಡು ಚೆರ್ರಿ ತಿಂದರೆ ಮಗು ಮಿತಿ ದಾಟಿತು. ಒಂದು ದಿನ ದಾಟಿದರೆ ವಿಷವೇನಲ್ಲ. ಈ ಮಿತಿ ಇರುವುದು ಜೀವನಪೂರ್ತಿ ದಿನವೂ ತಿನ್ನುವ ಲೆಕ್ಕಕ್ಕೆ, ಅದರೊಳಗೆ ಹತ್ತು ಪಟ್ಟು ಎಚ್ಚರಿಕೆ ಸೇರಿದೆ. ಆದರೂ ಯಾರ ಅಂತರ ಕಿರಿದು ಎಂಬುದು ಇದರಲ್ಲಿ ಗೊತ್ತಾಗುತ್ತದೆ. ಚಿಕ್ಕ ಮೈ, ಸಿಹಿಯ ಆಸೆ, ಬಣ್ಣ ಬಣ್ಣದ ತಿನಿಸು. ಲಿಪ್‌ಸ್ಟಿಕ್ ಹಚ್ಚುವವರು ತಾವೇ ಆರಿಸಿಕೊಂಡು ಹಚ್ಚುತ್ತಾರೆ. ಮಗು ಲೇಬಲ್ ಓದುವುದಿಲ್ಲ.

ಅಮೆರಿಕ 1990ರಲ್ಲಿ ಮೊದಲು ಮುಚ್ಚಿದ್ದು ಈ ಕಿರಿದಾದ ದಾರಿಯನ್ನಲ್ಲ. ನನಗೆ ನೋವಾಗುವುದು ಇಲ್ಲೇ. ಆಹಾರದಲ್ಲಿ ಎಷ್ಟು ಹಾಕಬಹುದು ಎಂಬುದಕ್ಕೆ ಅಲ್ಲಿ ಒಂದು ಸಂಖ್ಯೆಯೂ ಇರಲಿಲ್ಲ. 'ಒಳ್ಳೆಯ ತಯಾರಿಕಾ ಪದ್ಧತಿಗೆ ತಕ್ಕಷ್ಟು' ಎಂದಷ್ಟೇ ನಿಯಮ ಹೇಳುತ್ತಿತ್ತು. ಬಣ್ಣದ ಪ್ರತಿ ಬ್ಯಾಚಿನ ಶುದ್ಧತೆಯನ್ನು ಎಫ್‌ಡಿಎ ಪರೀಕ್ಷೆ ಮಾಡುತ್ತಿತ್ತು, ಅದು ದೊಡ್ಡ ವಿಷಯವೇ. ಆದರೆ ಶುದ್ಧವಾದ ಬಣ್ಣ ಎಷ್ಟು ಎಂಬುದನ್ನು ತಯಾರಕರಿಗೆ ಬಿಟ್ಟಿತ್ತು.

ಕನ್ನಡಿಯ ಆಚೆ ಬದಿ

ಯುರೋಪ್ ಇದೇ ಬಣ್ಣವನ್ನು ತಲೆಕೆಳಗಾಗಿ ನೋಡಿತು. 1994ರ ನಿರ್ದೇಶನದಲ್ಲಿ ಆಹಾರದ ಬಳಕೆಯನ್ನು ಚೆರ್ರಿಗೆ ಸೀಮಿತ ಮಾಡಿತು. ಕಾಕ್‌ಟೇಲ್ ಚೆರ್ರಿ, ಸಕ್ಕರೆ ಕಟ್ಟಿದ ಚೆರ್ರಿಗೆ ಕಿಲೋಗೆ 200 ಮಿಲಿಗ್ರಾಂ. ಪಾಕದಲ್ಲಿಟ್ಟ ಬಿಗಾರೋ ಎಂಬ ತಳಿಯ ಚೆರ್ರಿಗೆ 150. ಅಷ್ಟೇ. ಬೇರೆ ಮಿಠಾಯಿ, ಕೇಕು ಯಾವುದಕ್ಕೂ ಇಲ್ಲ. ಪಕ್ಕದ ಹಣ್ಣಿಗೆ ಇಳಿಯದ ಬಣ್ಣ ನಿಜವಾಗಿ ಬೇಕಾದದ್ದು ಎಲ್ಲಿ ಎಂದು ಕೇಳಿ, ಅಲ್ಲಿಗಷ್ಟೇ ಬಿಟ್ಟಿತು. ಸೌಂದರ್ಯವರ್ಧಕಗಳಲ್ಲಿ ಮಾತ್ರ ಸಿಐ 45430 ಒಪ್ಪಿತ ಬಣ್ಣಗಳ ಪಟ್ಟಿಯಲ್ಲೇ ಇದೆ.

ಅಮೆರಿಕದಲ್ಲಿ ತುಟಿಗೆ ಬೇಡ, ಮಿಠಾಯಿಗೆ ಇರಲಿ. ಯುರೋಪಿನಲ್ಲಿ ಮಿಠಾಯಿಗೆ ಬೇಡ, ತುಟಿಗೆ ಇರಲಿ. ವಿಜ್ಞಾನ ಎರಡು ಕಡೆಯೂ ಒಂದೇ.

ನನ್ನ ಲೆಕ್ಕದಲ್ಲಿ ಯುರೋಪಿನ ದಾರಿ ಹೆಚ್ಚು ಸರಿ. ಅದು ಬಣ್ಣಕ್ಕೆ ಹೆದರಲಿಲ್ಲ, ಎಷ್ಟು ಒಳಗೆ ಹೋಗುತ್ತದೆ ಎಂದು ಕೇಳಿತು. ಹಾಗೆಂದು ಯುರೋಪ್ ಎಲ್ಲದರಲ್ಲೂ ಬಿಗಿ, ಅಮೆರಿಕ ಎಲ್ಲದರಲ್ಲೂ ಸಡಿಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯುರೋಪ್ ಸೌಂದರ್ಯವರ್ಧಕಗಳಲ್ಲಿ 1,600ಕ್ಕೂ ಜಾಸ್ತಿ ವಸ್ತುಗಳನ್ನು ನಿಷೇಧಿಸಿದೆ, ಅಮೆರಿಕದ ಪಟ್ಟಿಯಲ್ಲಿ ಹತ್ತು ಹನ್ನೊಂದು ಮಾತ್ರ ಎಂದು ಎಲ್ಲೆಡೆ ಹೇಳುತ್ತಾರೆ. ಆ 1,600ರಲ್ಲಿ ಪೆಟ್ರೋಲಿಯಂ ಕಚ್ಚಾ ಸಾಮಾನುಗಳು, ಔಷಧಗಳು, ಯಾರೂ ಕ್ರೀಮಿಗೆ ಹಾಕದ ವಸ್ತುಗಳು ಎಷ್ಟೋ ಇವೆ. ಬಣ್ಣದ ವಿಷಯದಲ್ಲಿ ಅಮೆರಿಕ ಬಹಳ ಬಿಗಿ, ತಲೆಕೂದಲಿನ ಟಾರ್ ಬಣ್ಣ ಬಿಟ್ಟರೆ ಮೊದಲೇ ಒಪ್ಪಿಗೆ ಇಲ್ಲದೆ ಒಂದು ಬಣ್ಣವೂ ಒಳಗೆ ಬರುವಂತಿಲ್ಲ.

ಬಣ್ಣ ಬಿಟ್ಟರೆ ಚಿತ್ರ ಬೇರೆ. ಅಮೆರಿಕದಲ್ಲಿ ಆಹಾರಕ್ಕೆ ಹೊಸ ಸೇರ್ಪಡೆ ಹಾಕಬೇಕಾದರೆ ಒಪ್ಪಿಗೆ ಬೇಕು. ಆದರೆ 'ಸಾಮಾನ್ಯವಾಗಿ ಸುರಕ್ಷಿತ' ಎಂಬ ಬಾಗಿಲು 1958ರಿಂದ ತೆರೆದೇ ಇದೆ. ಆ ಬಾಗಿಲಿನಿಂದ ಬರುವ ವಸ್ತುವನ್ನು ಕಂಪನಿಯೇ ಸುರಕ್ಷಿತ ಎಂದು ತೀರ್ಮಾನಿಸಬಹುದು, ಎಫ್‌ಡಿಎಗೆ ತಿಳಿಸುವುದೂ ಕಡ್ಡಾಯ ಇರಲಿಲ್ಲ. ಸೌಂದರ್ಯವರ್ಧಕಗಳಲ್ಲಿ ಬಣ್ಣ ಬಿಟ್ಟು ಬೇರೆ ಯಾವುದಕ್ಕೂ ಮುಂಚಿತ ಒಪ್ಪಿಗೆ ಇಲ್ಲ. 1938ರ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂದದ್ದು 2022ರ ಡಿಸೆಂಬರಿನಲ್ಲಿ. ಅದರ ಮೇಲೆ ಕಾರ್ಖಾನೆ ನೋಂದಣಿ, ಗಂಭೀರ ತೊಂದರೆಗಳ ವರದಿ, ಸುರಕ್ಷತೆಯ ದಾಖಲೆ ಇಟ್ಟುಕೊಳ್ಳುವುದು ಕಡ್ಡಾಯವಾಯಿತು. ಯುರೋಪಿನಲ್ಲಿ 2013ರ ಜುಲೈಯಿಂದ, ಪ್ರತಿ ಸೌಂದರ್ಯವರ್ಧಕಕ್ಕೂ ಅರ್ಹ ತಜ್ಞರು ಬರೆದ ಸುರಕ್ಷತಾ ವರದಿ ಮಾರಾಟಕ್ಕೆ ಮುಂಚೆಯೇ ಸಿದ್ಧವಿರಬೇಕು.

ಕಡತ ಮತ್ತೆ ತೆರೆದದ್ದು

2022ರಲ್ಲಿ ಅಮೆರಿಕದ ಒಂದಷ್ಟು ಗ್ರಾಹಕ ಮತ್ತು ಆರೋಗ್ಯ ಸಂಘಟನೆಗಳು ಸೇರಿ ಎಫ್‌ಡಿಎಗೆ ಅರ್ಜಿ ಹಾಕಿದವು. ವಾದ ಸರಳವಾಗಿತ್ತು. ಗಡ್ಡೆ ಬರುತ್ತದೆ ಎಂದು ನೀವೇ ಒಪ್ಪಿದ್ದೀರಿ, ಡೆಲಾನಿ ಷರತ್ತು ಆಹಾರಕ್ಕೂ ಇದೆ, ಹಾಗಾದರೆ ಇನ್ನೂ ಏಕೆ ಬಿಟ್ಟಿದ್ದೀರಿ? 2023ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾ ತಾನೇ ಕಾಯ್ದೆ ಮಾಡಿತು. ರೆಡ್ 3, ಪೊಟ್ಯಾಸಿಯಂ ಬ್ರೋಮೇಟ್, ಬ್ರೋಮಿನ್ ಸೇರಿದ ಸಸ್ಯ ಎಣ್ಣೆ, ಪ್ರೊಪೈಲ್ ಪ್ಯಾರಾಬೆನ್ ನಾಲ್ಕನ್ನೂ 2027ರ ಜನವರಿ 1ರಿಂದ ಆಹಾರದಲ್ಲಿ ನಿಷೇಧಿಸಿತು.

2025ರ ಜನವರಿಯಲ್ಲಿ ಎಫ್‌ಡಿಎ ಅರ್ಜಿಯನ್ನು ಒಪ್ಪಿತು. ಆಹಾರ ತಯಾರಕರಿಗೆ 2027ರ ಜನವರಿ 15ರವರೆಗೆ, ನುಂಗುವ ಔಷಧ ತಯಾರಕರಿಗೆ 2028ರ ಜನವರಿ 18ರವರೆಗೆ ಗಡುವು ಕೊಟ್ಟಿತು. ಜೊತೆಗೆ ಎಫ್‌ಡಿಎ ಒಂದು ಮಾತು ಸೇರಿಸಿತ್ತು. ಗಂಡು ಇಲಿಗಳಲ್ಲಿ ಗಡ್ಡೆ ಬರುವ ರೀತಿ ಮನುಷ್ಯರಲ್ಲಿ ನಡೆಯುವುದಿಲ್ಲ, ಜನರು ತಿನ್ನುವ ಪ್ರಮಾಣವೂ ಬಹಳ ಕಡಿಮೆ. ತೆಗೆಯುತ್ತಿರುವುದು ಕಾಯ್ದೆ ಹೇಳಿದ್ದಕ್ಕೆ.

ಈ ಮಾತು ಓದಿ ಹಲವರು ಗೊಂದಲಕ್ಕೆ ಬಿದ್ದರು. ಅಪಾಯ ಇಲ್ಲ ಎಂದ ಮೇಲೆ ನಿಷೇಧ ಏಕೆ? ಅಪಾಯ ಇದ್ದರೆ ಎರಡು ಮೂರು ವರ್ಷದ ಗಡುವು ಏಕೆ? ಎರಡೂ ಪ್ರಶ್ನೆ ನ್ಯಾಯವೇ. ಕೇಳಬೇಕಿದ್ದ ಮೂರನೆಯ ಪ್ರಶ್ನೆ ಮಾತ್ರ ಬದಿಗೆ ಸರಿಯಿತು. 2021ರಲ್ಲಿ ಕ್ಯಾಲಿಫೋರ್ನಿಯಾದ ಪರಿಸರ ಆರೋಗ್ಯದ ಕಚೇರಿ ಕೃತಕ ಆಹಾರ ಬಣ್ಣಗಳ ಬಗ್ಗೆ ದೊಡ್ಡ ವರದಿ ಕೊಟ್ಟಿತ್ತು. ಈ ಬಣ್ಣಗಳು ಕೆಲವು ಮಕ್ಕಳಲ್ಲಿ ಗಮನ ಮತ್ತು ನಡವಳಿಕೆಯ ತೊಂದರೆ ತರಬಹುದು ಎಂದು ಅದು ಹೇಳಿತ್ತು. ಎಲ್ಲ ಮಕ್ಕಳಿಗೂ ಅಲ್ಲ, ಕೆಲವರಿಗೆ. ಇಲಿಗಳ ಗಡ್ಡೆಗಿಂತ ಇದು ನಿತ್ಯದ ಬದುಕಿಗೆ ಹತ್ತಿರದ ವಿಷಯ. ಆದರೆ ಡೆಲಾನಿ ಷರತ್ತಿಗೆ ಕ್ಯಾನ್ಸರ್ ಬಿಟ್ಟು ಬೇರೆ ಕಾಣುವುದಿಲ್ಲ. ಹಾಗಾಗಿ ಬಣ್ಣ ಹೊರಗೆ ಹೋದದ್ದು ನಮಗೆ ಅಷ್ಟಾಗಿ ತಟ್ಟದ ಕಾರಣಕ್ಕೆ. ತಟ್ಟಬಹುದಾದ ಕಾರಣದ ತೂಕ ನೋಡುವ ಕೆಲಸ ಉಳಿದೇ ಹೋಯಿತು.

ಈಗ ತಯಾರಕರು ಬದಲಿ ಬಣ್ಣ ಹುಡುಕಬೇಕು. ಬೀಟ್‌ರೂಟ್ ಬಣ್ಣ ಬಿಸಿಗೆ ಮಂಕಾಗುತ್ತದೆ. ಕೆಂಪು ಹಣ್ಣುಗಳ ಬಣ್ಣ ಹುಳಿ ಕಡಿಮೆಯಾದರೆ ನೀಲಿಗೆ ತಿರುಗುತ್ತದೆ. ಗಟ್ಟಿಯಾಗಿ ನಿಲ್ಲುವುದು ಕಾರ್ಮೈನ್. ಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಹುಳುವಿನಿಂದ ತೆಗೆದ ಬಣ್ಣ ಅದು. ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ, ಆಹಾರಕ್ಕೂ ಬಳಸುತ್ತಾರೆ. ಕೆಲವರಿಗೆ ಇದರಿಂದ ಜೀವಕ್ಕೇ ಕುತ್ತು ತರುವಂಥ ಅಲರ್ಜಿ ಬಂದದ್ದುಂಟು. ಹಾಗಾಗಿ ಎಫ್‌ಡಿಎ 2009ರಲ್ಲಿ ಒಂದು ನಿಯಮ ಬರೆಯಿತು, 2011ರ ಜನವರಿಯಿಂದ ಅದು ಜಾರಿಯಲ್ಲಿದೆ. 'ಬಣ್ಣ ಸೇರಿಸಿದೆ' ಎಂದಷ್ಟೇ ಬರೆದು ತಪ್ಪಿಸಿಕೊಳ್ಳುವಂತಿಲ್ಲ, ಕಾರ್ಮೈನ್ ಎಂದು ಹೆಸರು ಹೇಳಲೇಬೇಕು. ಆ ನಿಯಮ ಆಹಾರದ ಲೇಬಲ್‌ಗೂ ಸೌಂದರ್ಯವರ್ಧಕದ ಲೇಬಲ್‌ಗೂ ಒಂದೇ ದಿನ, ಒಂದೇ ಪದದಲ್ಲಿ ಅನ್ವಯವಾಯಿತು.